ಭಾರದ ಸಾಮಾನಿಗೂ ಸ್ಲಾಟ್ ಪ್ಯಾನೆಲ್ ಆಗುತ್ತದೆ: ನನ್ನ ಅನುಭವ

ಎಂಡಿಎಫ್ ಸ್ಲಾಟ್ ಪ್ಯಾನೆಲ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಹುಕ್ಕು, ಶೆಲ್ಫ್ ಸಿಕ್ಕಿಸೋಕೆ ಅದರಲ್ಲಿ ಅಡ್ಡಡ್ಡ ಸೀಳು (ಗ್ರೂವ್) ಕೊರೆದಿರುತ್ತಾರೆ. ಅದು ಏನಿದ್ದರೂ ಮೊಬೈಲ್ ಕವರ್, ಕೀಚೈನ್ ತೂಗುಹಾಕೋಕೆ ಸರಿ, ಹಾರ್ಡ್‌ವೇರ್ ಅಂಗಡಿಗೆ ಆಗಿಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ಸುಮ್ನೆ ಕಬ್ಬಿಣದ ರ‍್ಯಾಕ್ ಹಾಕಿಸಿ ಅಂದರು. ಈಗ ಅದೇ ಪ್ಯಾನೆಲ್ ಗೋಡೆಯ ಮೇಲೆ ಡ್ರಿಲ್ ಮಷಿನ್, ಸ್ಪ್ಯಾನರ್ ಸೆಟ್, 4 ಲೀಟರಿನ ಬಣ್ಣದ ಡಬ್ಬಿ ಎಲ್ಲ ಕೂತಿವೆ. ಎರಡು ವರ್ಷದ ಮೇಲಾಯಿತು. ಒಂದು ಗ್ರೂವ್ ಕೂಡ ಬಾಯಿ ಬಿಟ್ಟಿಲ್ಲ.

ಮೊದಲ ಸಲ ಹಾಕಿಸಿದ ಗೋಡೆ ಮಾತ್ರ ನಿಲ್ಲಲಿಲ್ಲ. ಗುತ್ತಿಗೆಗೆ ಬಂದವರು ಪ್ಯಾನೆಲ್‌ಗಳನ್ನು ನೇರ ಪ್ಲಾಸ್ಟರಿಗೆ ಒತ್ತಿ, ಗ್ರೂವ್ ಒಳಗೆ ಮೇಲೆ ಚಪ್ಪಟೆ, ಕೆಳಗೆ ಇಳಿಜಾರು ಇರುವ ತಲೆಯ ಸ್ಕ್ರೂ ಬಿಗಿದು ಹೋದರು. ಗೋಡೆ ಎಲ್ಲಿ ಉಬ್ಬಿತ್ತೋ ಅಲ್ಲಿ ಪ್ಯಾನೆಲ್ಲೂ ಉಬ್ಬಿತು. ಕೆಲವು ವಾರಕ್ಕೇ ಒಂದು ಶೆಲ್ಫ್ ಪೂರ್ತಿ ಕಿತ್ತು ಬಂತು. ಬಣ್ಣದ ಡಬ್ಬಿ ಬಿದ್ದು ಒಡೆದು ನೆಲವೆಲ್ಲ ಬಣ್ಣ. ಪ್ಯಾನೆಲ್ ದುಡ್ಡು ಹೋಯಿತು, ಕೂಲಿ ಹೋಯಿತು, ಕಿತ್ತು ಹಾಕೋಕೆ ಮತ್ತೆ ಕೂಲಿ. ಇಡೀ ಗೋಡೆಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ ಕರಗಿತು.

ಕಿತ್ತ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. 18 ಮಿ.ಮೀ. ಪ್ಯಾನೆಲ್ ಅನ್ನುತ್ತೇವೆ, ಆದರೆ ಗ್ರೂವ್ ಹಿಂದೆ ಉಳಿದಿರುವುದು 6-7 ಮಿ.ಮೀ. ಅಷ್ಟೇ. ಸ್ಕ್ರೂ ತಲೆಯ ಸುತ್ತ ಕೂದಲೆಳೆಯಂಥ ಬಿರುಕು ಎರಡೂ ಕಡೆ ಓಡಿತ್ತು. ಇಳಿಜಾರು ತಲೆಯ ಸ್ಕ್ರೂ ಬೆಣೆಯ ಕೆಲಸ ಮಾಡಿಬಿಟ್ಟಿತ್ತು. ಇನ್ನೊಂದು ವಿಷಯ, ಮುರಿದಿದ್ದು ಎಲ್ಲ ಕಡೆ ಗ್ರೂವ್‌ನ ಮೇಲಂಚು. ಕೆಳಗಿನ ಅಂಚಿಗೆ ಏನೂ ಆಗಿರಲಿಲ್ಲ.

ಇದನ್ನು ನೋಡಿದ ಮೇಲೆ ಲೆಕ್ಕ ಸಿಕ್ಕಿತು. ಶೆಲ್ಫ್ ಹೊರುವ ಬ್ರಾಕೆಟ್‌ನ ನಾಲಿಗೆ ಮೇಲಂಚಿನ ಹಿಂದೆ ಸಿಕ್ಕಿಕೊಳ್ಳುತ್ತದೆ, ಅದರ ಬೆನ್ನುಪಟ್ಟಿ ಕೆಳಗಿನ ಭಾಗಕ್ಕೆ ಒತ್ತಿ ಕೂರುತ್ತದೆ. ಶೆಲ್ಫ್ ಮೇಲೆ ಭಾರ ಬಿದ್ದರೆ ಅದು ಮೇಲಂಚನ್ನು ಹೊರಕ್ಕೆ ಮೀಟುತ್ತದೆ. 12 ಇಂಚು ಆಳದ ಶೆಲ್ಫ್, ಎರಡೂವರೆ ಇಂಚಿನ ಬೆನ್ನುಪಟ್ಟಿ ಅಂದರೆ 10 ಕಿಲೋ ಸಾಮಾನು ಅಂಚನ್ನು ಎಳೆಯುವುದು 20 ಕಿಲೋಗೂ ಮೇಲೆ. ಅದಕ್ಕೇ ಈಗ ಬ್ರಾಕೆಟ್ ಕೊಳ್ಳುವಾಗ ದಪ್ಪ ನೋಡುವ ಮೊದಲು ಬೆನ್ನುಪಟ್ಟಿಯ ಉದ್ದ ಅಳೆಯುತ್ತೇನೆ. ಇದನ್ನು ಯಾವ ಅಂಗಡಿಯವನೂ ತಾನಾಗಿ ಹೇಳುವುದಿಲ್ಲ.

ಸುಮ್ನೆ ನಂಬೋಕೆ ಆಗಲ್ಲ ಅಲ್ವಾ, ಪರೀಕ್ಷೆ ಮಾಡಿದೆ. ಒಂದು ತುಂಡು ಪ್ಯಾನೆಲ್ ನಿಲ್ಲಿಸಿ, ಜೋಡಿ ಬ್ರಾಕೆಟ್ ಮೇಲೆ ಹಲಗೆ ಇಟ್ಟು, ನೀರಿನ ಕ್ಯಾನ್ ಒಂದೊಂದಾಗಿ ಏರಿಸಿದೆ. ಲೀಟರಿಗೆ ಒಂದು ಕಿಲೋ, ತಕ್ಕಡಿಯೇ ಬೇಡ. ಬರೀ ಎಂಡಿಎಫ್ ಗ್ರೂವ್‌ನಲ್ಲಿ 15 ಕಿಲೋ ಆಸುಪಾಸಿನಲ್ಲೇ ಮೇಲಂಚು ಏಳತೊಡಗಿತು. ಅಲ್ಯೂಮಿನಿಯಂ ಇನ್ಸರ್ಟ್ (ಗ್ರೂವ್ ಒಳಗೆ ಕೂರುವ ಉದ್ದದ ಪಟ್ಟಿ) ತೂರಿಸಿದ ಗ್ರೂವ್‌ನಲ್ಲಿ 40 ದಾಟಿದ ಮೇಲೆ ಬ್ರಾಕೆಟ್ ಬಾಗಿತು, ಗ್ರೂವ್‌ಗೆ ಏನೂ ಆಗಲಿಲ್ಲ. ಪ್ಲಾಸ್ಟಿಕ್ ಇನ್ಸರ್ಟ್ ಚಂದಕ್ಕೆ ಮಾತ್ರ. ಭಾರಕ್ಕೆ ಅದನ್ನು ನಂಬಬೇಡಿ.

ಹಾಗಂತ ಎಲ್ಲ ಗ್ರೂವ್‌ಗೂ ಅಲ್ಯೂಮಿನಿಯಂ ಹಾಕಿದರೆ ಪ್ಯಾನೆಲ್‌ನ ಬೆಲೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಇಲ್ಲೇ ನನ್ನ ಉಪಾಯ. 8 ಅಡಿ ಅಗಲ, 4 ಅಡಿ ಎತ್ತರದ ಪ್ಯಾನೆಲ್‌ನಲ್ಲಿ 4 ಇಂಚಿಗೊಂದರಂತೆ 11-12 ಗ್ರೂವ್ ಬರುತ್ತವೆ. ಶೆಲ್ಫ್ ಕೂರುವುದು ಅದರಲ್ಲಿ ಮೂರೋ ನಾಲ್ಕೋ ಸಾಲಿನಲ್ಲಿ. ಆ ಸಾಲುಗಳಿಗೆ ಮಾತ್ರ ಅಲ್ಯೂಮಿನಿಯಂ, ಮಿಕ್ಕವು ಖಾಲಿ. ಬಡಗಿ ತಲೆ ಅಲ್ಲಾಡಿಸಿದ, ನೋಡೋಕೆ ಪಟ್ಟೆ ಪಟ್ಟೆ ಕಾಣುತ್ತದೆ ಅಂದ. ಪ್ಯಾನೆಲ್ ಬಣ್ಣಕ್ಕೆ ಹೊಂದುವ ಇನ್ಸರ್ಟ್ ತಂದೆ. ಸಾಮಾನು ತುಂಬಿದ ಮೇಲೆ ಯಾರಿಗೂ ಗೊತ್ತೇ ಆಗುವುದಿಲ್ಲ. ಇನ್ಸರ್ಟ್ ಖರ್ಚಿನಲ್ಲಿ ಮೂರನೇ ಎರಡು ಭಾಗ ಉಳಿಯಿತು.

3 ಇಂಚಿಗೊಂದರಂತೆ ಕೊರೆದ ಗ್ರೂವ್ ಸಣ್ಣ ಪ್ಯಾಕೆಟ್‌ಗೆ ಚಂದ, ಆದರೆ ಹೆಚ್ಚು ಕೊರೆದಷ್ಟೂ ಪ್ಯಾನೆಲ್ ಬಡವಾಗುತ್ತದೆ. 6 ಇಂಚಿಗೊಂದಾದರೆ ಗಟ್ಟಿ, ಹುಕ್ಕು ಹಾಕಿದರೆ ಗೋಡೆ ಬಣಬಣ. ನನಗೆ 4 ಸರಿಹೋಯಿತು. ಪ್ಯಾನೆಲ್ ಆರಿಸುವಾಗ ಎತ್ತಿ ನೋಡಿ. 18 ಮಿ.ಮೀ. ಪೂರ್ತಿ ಹಾಳೆ 40 ಕಿಲೋ ಹತ್ತಿರ ತೂಗಬೇಕು. ತೀರಾ ಹಗುರ ಇದ್ದರೆ ಬಿಟ್ಟುಬಿಡಿ. ಗ್ರೂವ್ ಒಳಗೆ ಉಗುರು ಎಳೆಯಿರಿ, ನಾರು ಎದ್ದು ಪುಡಿ ಉದುರಿದರೆ ಅದೂ ಬೇಡ.

ಕೂರಿಸುವ ವಿಚಾರ. ಗೋಡೆಗೆ ಮೊದಲು 18 ಮಿ.ಮೀ. ಪ್ಲೈವುಡ್ ಪಟ್ಟಿಗಳು, ಮೇಲಿಂದ ಕೆಳಕ್ಕೆ, 16 ಇಂಚಿಗೊಂದು. ಎರಡು ಪ್ಯಾನೆಲ್ ಸೇರುವ ಕಡೆ ಅಗಲದ ಪಟ್ಟಿ. ದಾರ ಕಟ್ಟಿ, ತಗ್ಗಿದ್ದ ಕಡೆ ಪಟ್ಟಿಯ ಹಿಂದೆ ಪ್ಯಾಕಿಂಗ್ ಕೊಟ್ಟು ಎಲ್ಲವನ್ನೂ ಒಂದೇ ಸಮಕ್ಕೆ ತಂದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದಿದ್ದು ಇದೇ. ಪ್ಯಾನೆಲ್‌ಗಳು ಎರಡು ದಿನ ಅಂಗಡಿಯೊಳಗೇ ಮಲಗಿರಲಿ, ಆಮೇಲೆ ಎತ್ತಿ.

ಇನ್ಸರ್ಟ್‌ಗಳನ್ನು ಪ್ಯಾನೆಲ್ ನೆಲದ ಮೇಲಿದ್ದಾಗಲೇ ತೂರಿಸಬೇಕು. ಅವು ಪಕ್ಕದಿಂದ ಜಾರಿ ಒಳಗೆ ಹೋಗುವಂಥವು. ಗೋಡೆಗೆ ಏರಿಸಿದ ಮೇಲೆ ಪಕ್ಕದಲ್ಲಿ 8 ಅಡಿ ಜಾಗ ಎಲ್ಲಿಂದ ತರುತ್ತೀರಿ? ಇನ್ಸರ್ಟ್ ಇರುವ ಸಾಲಿನಲ್ಲಿ ಸ್ಕ್ರೂ ಅದರ ಮೂಲಕವೇ ಹೋಗಲಿ, ಲೋಹ ವಾಷರ್‌ನಂತೆ ಹಿಡಿಯುತ್ತದೆ. ಸ್ಕ್ರೂ ತಲೆ ಮಾತ್ರ ಸಮಕ್ಕೆ ಕೂರಬೇಕು, ಇಲ್ಲದಿದ್ದರೆ ಬ್ರಾಕೆಟ್ ತಡೆಯುತ್ತದೆ. ಬರೀ ಗ್ರೂವ್‌ನಲ್ಲಾದರೆ ತಳ ಚಪ್ಪಟೆ ಇರುವ ತೆಳು ತಲೆಯ ಸ್ಕ್ರೂ, ಮೊದಲೇ ತೂತು ಹೊಡೆದು. ಕೊನೆಯ ಎರಡು ಸುತ್ತು ಕೈಯಿಂದಲೇ ತಿರುಗಿಸಿ. ಪಕ್ಕದ ಪ್ಯಾನೆಲ್‌ನ ಗ್ರೂವ್ ಸಾಲು ಕೂಡಿಸೋಕೆ, ಜೋಡಣೆಯ ಮೇಲೆ ಒಂದು ತುಂಡು ಇನ್ಸರ್ಟ್ ಅಡ್ಡ ತೂರಿಸಿಟ್ಟುಕೊಂಡರೆ ರಸಮಟ್ಟವೂ ಬೇಡ. ನಡುವೆ 2 ಮಿ.ಮೀ. ಸಂದು ಬಿಡಿ.

ನೆಲದಿಂದ ಒಂದು ಅಡಿ ಬಿಟ್ಟು ಶುರು ಮಾಡಿದೆ. ಒರೆಸುವ ನೀರು ತಗುಲಿದರೆ ಕತ್ತರಿಸಿದ ಅಂಚು ನೆನೆದ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಆ ಅಂಚಿಗೆ ನಾನು ಬಳಿಯುವ ಮಿಶ್ರಣ ಏನು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬಹಳ ಕಷ್ಟಪಟ್ಟು ಕಂಡುಕೊಂಡಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಯಾವುದಾದರೂ ಒಳ್ಳೆ ವುಡ್ ಸೀಲರ್ ಎರಡು ಕೋಟ್ ಹೊಡೆದರೂ ತೊಂದರೆ ಇಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ತೇವದ ಗೋಡೆಗೆ ಪಿವಿಸಿ ಪ್ಯಾನೆಲ್ ಹಾಕಿದೆ. ನೀರಿಗೆ ಜಗ್ಗುವುದಿಲ್ಲ, ಆದರೆ ಭಾರಕ್ಕೆ ಬಳುಕುತ್ತದೆ, ಅಲ್ಲಿ ಬ್ರಷ್ ಮತ್ತು ಕೈಗವಸು ಮಾತ್ರ. ಮೇಲಿನ ಒಂದು ಸಾಲಿನಲ್ಲಿ ಇನ್ಸರ್ಟ್ ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿದೆ. ಅಲ್ಯೂಮಿನಿಯಂ ಬಿಸಿಯನ್ನು ಎಳೆದುಕೊಳ್ಳುತ್ತದೆ, ಸ್ಪ್ಯಾನರ್‌ಗಳು ಥಳಥಳ ಅನ್ನುತ್ತವೆ. ಆ ಸಾಲಿಗೆ ಹುಕ್ಕು ಹಾಕುವಂತಿಲ್ಲ ಅನ್ನುವುದೊಂದೇ ನಷ್ಟ. ಹೊಳಪಿನ ಕಪ್ಪು ಪ್ಯಾನೆಲ್ ಬೇಡವೇ ಬೇಡ, ಬೆರಳಚ್ಚು, ಧೂಳು ಎರಡೂ ಎದ್ದು ಕಾಣುತ್ತವೆ.

ದುಡ್ಡಿನ ಲೆಕ್ಕ ಹಾಕುವಾಗ ಹುಕ್ಕು, ಬ್ರಾಕೆಟ್ ಮರೆಯಬೇಡಿ. ನನಗೆ ಪ್ಯಾನೆಲ್‌ಗೆ ಎಷ್ಟಾಯಿತೋ ಅವಕ್ಕೂ ಹತ್ತಿರ ಹತ್ತಿರ ಅಷ್ಟೇ ಆಯಿತು. 6 ಇಂಚಿನ ಹುಕ್ಕು ಜಾಸ್ತಿ ತನ್ನಿ, 10 ಇಂಚಿನದು ಕಮ್ಮಿ. ಉದ್ದ ಹುಕ್ಕಿನ ತುದಿಯಲ್ಲಿ ನಾಲ್ಕು ಪ್ಯಾಕೆಟ್ ತೂಗಿದರೂ ಮೀಟುವ ಬಲ ಹೆಚ್ಚು.