ಲ್ಯಾಪ್‌ಟಾಪ್‌ನಲ್ಲೇ ಸ್ನೋಫ್ಲೇಕ್: ಲೋಕಲ್‌ಸ್ಟ್ಯಾಕ್ ಎಮ್ಯುಲೇಟರನ್ನು ಬ್ರೌಸರಿನಿಂದ ಬಳಸುವುದು

ಸ್ನೋಫ್ಲೇಕ್ ಎಂದರೆ ಕ್ಲೌಡಿನಲ್ಲಿ ಓಡುವ ಡೇಟಾಬೇಸ್ ಸೇವೆ. ಅಸಲಿ ಸ್ನೋಫ್ಲೇಕ್‌ನಲ್ಲಿ ಕ್ವೆರಿ ಓಡಿಸುವ ಕಂಪ್ಯೂಟರ್ ಗುಂಪು, ಅಂದರೆ ವೇರ್‌ಹೌಸ್, ಎದ್ದಾಗಲೆಲ್ಲ ಕನಿಷ್ಠ 60 ಸೆಕೆಂಡಿನ ಬಿಲ್ ಬೀಳುತ್ತದೆ. ಕ್ವೆರಿಯ ಒಂದು ಸಾಲು ತಿದ್ದಿ ನೋಡಲು ಅಷ್ಟು ದುಡ್ಡು ಸುರಿಯಬೇಕಿಲ್ಲ. ಅದನ್ನು ಅನುಕರಿಸುತ್ತ ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಲೋಕಲ್‌ಸ್ಟ್ಯಾಕ್ ಎಮ್ಯುಲೇಟರ್ ಸಾಕು.

ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಓಡುತ್ತಿರಲಿ. ಲೋಕಲ್‌ಸ್ಟ್ಯಾಕ್ ಖಾತೆಯ ಆಥ್ ಟೋಕನನ್ನು (ಗುರುತಿನ ಕೀಲಿ) ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟು, ಸ್ನೋಫ್ಲೇಕ್ ಸ್ಟ್ಯಾಕ್ ಆರಿಸಿ ಶುರುಮಾಡಿ. ಟೋಕನ್ ತಪ್ಪಿದ್ದರೆ ಎಮ್ಯುಲೇಟರ್ ಏಳುವುದಿಲ್ಲ. ಮೊದಲು ಕಂಟೇನರಿನ ಲಾಗ್ ನೋಡಿ.

ನಂತರ ಬ್ರೌಸರಿನಲ್ಲಿ ಸ್ನೋಫ್ಲೇಕ್.ಲೋಕಲ್‌ಹೋಸ್ಟ್.ಲೋಕಲ್‌ಸ್ಟ್ಯಾಕ್.ಕ್ಲೌಡ್ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಪುಟ ತೆರೆಯದೇ ಇದ್ದರೆ ಹೆಚ್ಚಾಗಿ ದೋಷ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನದು. ಈ ಹೆಸರು 127.0.0.1ಕ್ಕೆ, ಅಂದರೆ ನಿಮ್ಮದೇ ಕಂಪ್ಯೂಟರಿಗೆ, ತಿರುಗುತ್ತದೆ, ಹೊರಗಿನ ಹೆಸರೊಂದು ಒಳಗಿನ ವಿಳಾಸ ಕೊಟ್ಟರೆ ಕೆಲವು ರೌಟರ್‌ಗಳು ಅನುಮಾನಿಸಿ ಆ ಉತ್ತರವನ್ನೇ ತಡೆಯುತ್ತವೆ. ಕಂಪ್ಯೂಟರಿನ ಸ್ವಂತ ಹೆಸರು-ವಿಳಾಸ ಪಟ್ಟಿಯಾದ ಹೋಸ್ಟ್ಸ್ ಫೈಲಿನಲ್ಲಿ 127.0.0.1ರ ಮುಂದೆ ಪೂರ್ತಿ ಹೆಸರು ಬರೆದರೆ ಸರಿಹೋಗುತ್ತದೆ. ಆಗಲೂ ಬಾರದಿದ್ದರೆ 443 ಅಥವಾ 4566 ಪೋರ್ಟನ್ನು ಬೇರೆ ಪ್ರೋಗ್ರಾಂ ಹಿಡಿದಿದೆಯೇ ನೋಡಿ.

ಪರದೆಯಲ್ಲಿ ಎಸ್‌ಕ್ಯೂಎಲ್ ಬರೆದು ಓಡಿಸಿದರೆ ಫಲಿತಾಂಶ ಅಲ್ಲೇ ಬರುತ್ತದೆ. ಪೈಥಾನ್ ಕೋಡನ್ನು ಸ್ನೋಫ್ಲೇಕಿಗೆ ಜೋಡಿಸುವ ಕನೆಕ್ಟರಿಗೂ ಅದೇ ಹೋಸ್ಟ್ ವಿಳಾಸ. ಯೂಸರ್, ಪಾಸ್‌ವರ್ಡ್, ಅಕೌಂಟ್ ಮೂರಕ್ಕೂ 'ಟೆಸ್ಟ್' ಎಂದು ಸಣ್ಣಕ್ಷರದ ಇಂಗ್ಲಿಷಿನಲ್ಲೇ ಕೊಡಿ. ಕೋಡ್ ಸೃಷ್ಟಿಸಿದ ಟೇಬಲನ್ನು ಬ್ರೌಸರಿನಿಂದ ತಪಾಸಣೆ ಮಾಡುವುದೇ ಈ ಪರದೆಯ ದೊಡ್ಡ ಉಪಯೋಗ.

ಟೇಬಲ್ ಸಿಗಲಿಲ್ಲ ಎಂಬ ದೂರು ಬಂದರೆ ಹೆಸರಿನ ಅಕ್ಷರ ನೋಡಿ. ಉದ್ಧರಣ ಚಿಹ್ನೆಯಿಲ್ಲದ ಹೆಸರನ್ನು ಸ್ನೋಫ್ಲೇಕ್ ದೊಡ್ಡಕ್ಷರಕ್ಕೆ ತಿರುಗಿಸಿ ಇಡುತ್ತದೆ. ಆಮೇಲೆ ಅದನ್ನೇ ಜೋಡಿ ಉದ್ಧರಣದೊಳಗೆ ಸಣ್ಣಕ್ಷರದಲ್ಲಿ ಕೇಳಿದರೆ ಅದು ಬೇರೆಯೇ ಹೆಸರಾಗುತ್ತದೆ.

ಕಂಟೇನರ್ ನಿಲ್ಲಿಸಿದರೆ ಡೇಟಾ ಅಳಿಯುತ್ತದೆ. ಉಳಿಯಬೇಕೆಂದರೆ ಶುರುಮಾಡುವಾಗಲೇ ಪರ್ಸಿಸ್ಟೆನ್ಸ್ ವೇರಿಯಬಲನ್ನು 1 ಮಾಡಿ. ಕ್ವೆರಿಯ ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ. ಒಳಗಿರುವುದು ಸ್ನೋಫ್ಲೇಕ್‌ನ ಎಂಜಿನ್ ಅಲ್ಲ.