ಹೃದಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ: ಹಣ ಕಟ್ಟುವ ಮೊದಲು ವಿಚಾರಿಸಬೇಕಾದದ್ದು

ಹೃದಯಾಘಾತದ ನಂತರ ಎಕೋ ವರದಿಯಲ್ಲಿ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) ಮೂವತ್ತಕ್ಕೆ ಇಳಿದಿದೆ ಎಂದು ತಿಳಿದೊಡನೆ, ಮುಂಬೈ ಬಳಿಯ ಡೊಂಬಿವಲಿಯಲ್ಲೋ ಠಾಣೆಯಲ್ಲೋ ಇರುವ ನಮ್ಮ ಕನ್ನಡದ ಮನೆಗಳಿಗೆ ಸಲಹೆಗಳು ಹರಿದು ಬರುತ್ತವೆ. ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ಹಾಕಿಸಿದರೆ ಹೃದಯ ಮೊದಲಿನಂತಾಗುತ್ತದೆ ಎಂಬುದು ಅವುಗಳಲ್ಲೊಂದು.

ಮೊದಲು ಈ ಚಿಕಿತ್ಸೆ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ತಿಳಿಯಬೇಕು. ರಕ್ತ ಸಿಗದೆ ಸತ್ತ ಸ್ನಾಯುವಿನ ಜಾಗದಲ್ಲಿ ಗಡಸು ಅಂಗಾಂಶ ಬೆಳೆಯುತ್ತದೆ. ವಯಸ್ಕರ ಹೃದಯದಲ್ಲಿ ಹೊಸ ಸ್ನಾಯುಕೋಶ ಹುಟ್ಟುವುದು ವರ್ಷಕ್ಕೆ ಸುಮಾರು ಶೇ 1 ಅಥವಾ ಅದಕ್ಕೂ ಕಡಿಮೆ. ಅಸ್ಥಿಮಜ್ಜೆಯಿಂದ, ಅಂದರೆ ಮೂಳೆಯೊಳಗಿನ ತಿರುಳಿನಿಂದ, ತೆಗೆದ ಸ್ಟೆಮ್ ಸೆಲ್‌ಗಳು ಈ ಕೊರತೆಯನ್ನು ತುಂಬುತ್ತವೆ ಎಂಬ ಭರವಸೆ 2001ರ ಸುಮಾರಿಗೆ ಬಲವಾಗಿತ್ತು. ಆದರೆ ಅವು ಸ್ನಾಯುವಾಗಿ ಮಾರ್ಪಡುವುದಿಲ್ಲ, ಬಹುಪಾಲು ಕೆಲವೇ ದಿನಗಳಲ್ಲಿ ಹೃದಯದಿಂದ ಕಾಣೆಯಾಗುತ್ತವೆ ಎಂದು ಮುಂದೆ ತಿಳಿದುಬಂತು. ಆ ಭರವಸೆಗೆ ಮುಖ್ಯ ಕಾರಣರಾಗಿದ್ದ ಸಂಶೋಧಕ ಪಿಯೆರೊ ಆನ್ವರ್ಸಾ ಅವರ ಪ್ರಯೋಗಾಲಯದ 31 ಲೇಖನಗಳನ್ನು ಹಿಂಪಡೆಯಬೇಕೆಂದು 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೇ ಕೇಳಿತು. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ತೋರಿಸಿದ ದಾರಿಯಲ್ಲಿ ನನಗೆ ಹೆಚ್ಚು ನಂಬಿಕೆಯಿದೆ: ಸಾಮಾನ್ಯ ಕೋಶವನ್ನು ಆದಿಸ್ಥಿತಿಗೆ ಮರಳಿಸಿ, ಅದರಿಂದ ಹೃದಯದ ಸ್ನಾಯುಕೋಶ ಬೆಳೆಸಿ, ತೇಪೆಯಂತೆ ಹೃದಯಕ್ಕೆ ಹಚ್ಚುವ ಈ ವಿಧಾನವನ್ನು ಜಪಾನ್ ಮತ್ತು ಜರ್ಮನಿಯಲ್ಲಿ ರೋಗಿಗಳ ಮೇಲೆ ಪರೀಕ್ಷಿಸಲಾಗಿದೆ. ಬಡಿತದ ಲಯ ತಪ್ಪುವ, ಗೆಡ್ಡೆ ಬೆಳೆಯುವ ಅಪಾಯಗಳ ಮೇಲೆ ಅಲ್ಲಿಯೂ ಕಣ್ಣಿಡಲೇಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂತಹ ಒಪ್ಪಿತ ಸಂದರ್ಭಗಳಲ್ಲಿ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್‌ನ ಉಳಿದೆಲ್ಲ ಬಳಕೆಯೂ ಸಂಶೋಧನೆಯೇ. ಅದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ (ರೋಗಿಗಳ ಮೇಲಿನ ಪ್ರಯೋಗದಲ್ಲಿ) ಮಾತ್ರ ನಡೆಯಬೇಕು, ಮತ್ತು ರೋಗಿಯಿಂದ ಅದಕ್ಕೆ ಹಣ ಪಡೆಯುವಂತಿಲ್ಲ. ಆದ್ದರಿಂದ ಪ್ಯಾಕೇಜಿನ ದರ ಹೇಳುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ.

ಟ್ರಯಲ್ ಎಂದೇ ಹೇಳಿದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದರ ಜಾಲತಾಣದಲ್ಲಿ ನೀವೇ ಹುಡುಕಿ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕಾಯಿಲೆ, ಆಸ್ಪತ್ರೆ, ಮುಖ್ಯ ವೈದ್ಯರ ಹೆಸರು ಮತ್ತು ನೈತಿಕ ಸಮಿತಿಯ ಒಪ್ಪಿಗೆ ಹೊಂದಿಕೆಯಾಗುತ್ತವೆಯೇ ಎಂದು ಪರಿಶೀಲಿಸಿ, ಏಕೆಂದರೆ ಬೇರೆ ಕಾಯಿಲೆಯ ನೋಂದಣಿ ಹೃದಯಕ್ಕೆ ಅನ್ವಯಿಸುವುದಿಲ್ಲ. ಒಪ್ಪಿಗೆ ಪತ್ರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಪಡೆದು, ಮನೆಗೆ ತಂದು ಓದಿ. ಕೋಶ ಯಾರದು, ಹೃದಯಕ್ಕೆ ಹೇಗೆ ಸೇರಿಸುತ್ತಾರೆ, ಎಷ್ಟು ಕಾಲ ತಪಾಸಣೆ ನಡೆಯುತ್ತದೆ ಎಂದು ಕೇಳಿ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಒದಗಿಸುತ್ತವೆ. ಅದು ಪತ್ರದಲ್ಲಿ ಬರೆದಿರಬೇಕು.

ಸಹಿ ಹಾಕುವ ಮೊದಲು ಎಕೋ, ಆಂಜಿಯೋಗ್ರಫಿ ವರದಿಗಳನ್ನು ಮುಂಬೈಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಂತಹ ಕಡೆ ಮತ್ತೊಬ್ಬ ಹೃದ್ರೋಗ ತಜ್ಞರಿಗೆ ತೋರಿಸಿ. ದುರ್ಬಲ ಹೃದಯಕ್ಕೆ ಆಯುಷ್ಯ ಹೆಚ್ಚಿಸುತ್ತವೆ ಎಂದು ಸಾಬೀತಾದ ನಾಲ್ಕು ಬಗೆಯ ಔಷಧಗಳಿವೆ. ಅವು ತಕ್ಕ ಪ್ರಮಾಣದಲ್ಲಿ ನಡೆಯುತ್ತಿವೆಯೇ ಎಂದು ಕೇಳಿ, ಯಾವುದನ್ನೂ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಬೈಪಾಸ್ ಅಥವಾ ಆಂಜಿಯೋಪ್ಲಾಸ್ಟಿ ಬೇಕೆಂದರೆ, ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ನೆರವು ಸಿಗುವುದೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ (ಯೋಜನೆಯ ಸಹಾಯಕ ಸಿಬ್ಬಂದಿಯ) ಬಳಿ ರೇಷನ್ ಕಾರ್ಡ್ ಸಮೇತ ವಿಚಾರಿಸಿ.