ಸಂತೆಯಿಂದ ತಂದ ಕೋಳಿ: ಮೊದಲು ಮೂರು ವಾರ ಬೇರೆ

ನಾಲ್ಕು ಜವಾರಿ ಹೇಂಟೆ ತಂದೆ, ಹದಿನೇಳು ಕೋಳಿ ಕಳಕೊಂಡೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ಬಾದಾಮಿ ಹತ್ತಿರದ ಹಳ್ಳಿ. ಆಗ ಹಿತ್ತಲಲ್ಲಿ ಹದಿನೆಂಟು ಕೋಳಿ ಇದ್ದವು. ಸಂತೆಯಲ್ಲಿ ಒಂದು ಹೇಂಟೆ ಕಣ್ಣು ಮುಚ್ಚಿ ಕೂತಿತ್ತು. "ಯಾಕ ತೂಕಡಸಾಕತ್ತೈತಿ?" ಅಂತ ಕೇಳಿದೆ. "ಏನಿಲ್ರೀ ಅಕ್ಕಾರ, ಬಿಸಲಿಗೆ ಸುಸ್ತಾಗೈತಿ" ಅಂದ ಮಾರುವವ. ಏಪ್ರಿಲ್ ಬಿಸಿಲು, ನಂಬಿದೆ. ಮನೆಗೆ ತಂದು ಸೀದಾ ಹಳೇ ಕೋಳಿಗಳ ಜೊತೆ ಬಿಟ್ಟೆ.

ಐದನೇ ದಿನ ಹಸಿರು ಹಿಕ್ಕೆ ಶುರುವಾಯಿತು. ಆಮೇಲೆ ನಮ್ಮ ಹುಂಜ ಕತ್ತು ತಿರುಚಿಕೊಂಡು ನಿಂತಿತು. ಜೋಳದ ಕಾಳು ಕುಕ್ಕಲು ಹೋದರೆ ಕೊಕ್ಕು ಪಕ್ಕದ ಮಣ್ಣಿಗೆ ಬೀಳುತ್ತಿತ್ತು. ಪಶು ಆಸ್ಪತ್ರೆ ಡಾಕ್ಟರು ನೋಡಿ ಕೊಕ್ಕರೆ ರೋಗ ಅಂದರು, ಅಂದರೆ ರಾಣಿಖೇತ್. ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಈಗ ಓಣಿಯವರೆಲ್ಲ ಸೇರಿ ಒಂದೇ ದಿನ ಹಾಕಿಸುತ್ತೇವೆ. ಒಂದು ಸೀಸೆ ಅಂದರೆ ನೂರು ಕೋಳಿಗಾದರೂ ಆಗುತ್ತದೆ, ಕಲಸಿದ ಮೇಲೆ ಇಡಲು ಬರುವುದಿಲ್ಲ.

ಈಗ ಸಂತೆಗೆ ಹೋದರೆ ಮೊದಲು ದೂರ ನಿಂತು ನೋಡುತ್ತೇನೆ. ಕೋಳಿ ತನ್ನ ಬೇನೆ ಮುಚ್ಚಿಡುತ್ತದೆ. ನಾವು ಹತ್ತಿರ ಹೋದ ಕೂಡಲೇ ಎಚ್ಚೆತ್ತು ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಪಕ್ಕದಲ್ಲಿ ಚಹಾ ಕುಡೀತಾ ಹತ್ತು ನಿಮಿಷ ಬುಟ್ಟಿ ಕಡೆ ಕಣ್ಣಿಡುವುದು. ಒಂದೇ ಒಂದು ಕೋಳಿ ಪುಕ್ಕ ಉಬ್ಬಿಸಿ ಮುದುಡಿ ಕೂತಿದ್ದರೂ ಆ ಬುಟ್ಟಿಯಲ್ಲಿ ಯಾವುದೂ ಬೇಡ. ಉಳಿದವು ಎಷ್ಟೇ ಚೆಂದ ಇರಲಿ, ಅದೇ ನೀರು ಕುಡಿದಿವೆ ಅಲ್ವಾ?

ಆಮೇಲೆ ಕೈಗೆತ್ತಿಕೊಳ್ಳುತ್ತೇನೆ. ಎದೆಮೂಳೆ ಚಾಕುವಿನ ಹಾಗೆ ಹತ್ತಿದರೆ ಬಹಳ ದಿನದಿಂದ ಸೊರಗಿದೆ ಅಂತ ಅರ್ಥ. ಕಣ್ಣಲ್ಲಿ ನೊರೆ, ಮೂಗಲ್ಲಿ ಸಿಂಬಳ, ಬಾಲದ ಕೆಳಗೆ ಮೆತ್ತಿದ ಪುಕ್ಕ ಇದ್ದರೆ ವಾಪಸ್. ಜುಟ್ಟು ಬಿಳಚಿದ್ದರೆ ರೆಕ್ಕೆ ಕೆಳಗೆ ಹೇನು ಹುಡುಕುತ್ತೇನೆ.

ಬಾಯಿ ತೆರೆದು ತೇಕುವುದೊಂದು ನಮ್ಮ ಕಡೆ ಗೊಂದಲದ ಲಕ್ಷಣ. ಬೇಸಿಗೆಯಲ್ಲಿ ಎಲ್ಲಾ ಕೋಳಿಯೂ ರೆಕ್ಕೆ ಅಗಲಿಸಿ ತೇಕುತ್ತವೆ, ನೆರಳು ನೀರು ಸಿಕ್ಕರೆ ನಿಲ್ಲುತ್ತವೆ. ಅದಕ್ಕೇ ನನ್ನ ನಿಜವಾದ ಪರೀಕ್ಷೆ ಮನೆಗೆ ತಂದ ಮೇಲೆ, ರಾತ್ರಿ. ಎಲ್ಲ ಮಲಗಿದ ಮೇಲೆ ಟಾರ್ಚ್ ಹಚ್ಚದೆ ಗೂಡಿನ ಹತ್ತಿರ ಸುಮ್ನೆ ಕೂರುತ್ತೇನೆ. ಚೆನ್ನಾಗಿರುವ ಕೋಳಿಯ ಉಸಿರು ಕೇಳಿಸುವುದೇ ಇಲ್ಲ. ಹುಕ್ಕಾ ಎಳೆದಂತೆ ಗೊರಗೊರ ಅಂದರೆ, ಇಲ್ಲಾ ಪಿಚ್ ಅಂತ ಸೀನಿದರೆ, ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗುವುದೇ.

ಗೂಡಿನ ಕೆಳಗೆ ಹಳೇ ಪೇಪರ್ ಹಾಸಿರುತ್ತೇನೆ. ಗಟ್ಟಿ ಹಿಕ್ಕೆ, ಮೇಲೆ ಬಿಳಿ ಟೋಪಿ, ಅದು ಸರಿ. ನಡುನಡುವೆ ಕಂದು ಬಣ್ಣದ, ನಾರುವ ಅಂಟು ಹಿಕ್ಕೆಯೂ ಬರುತ್ತದೆ. ಅದೂ ಸರಿಯೇ. ನಾನು ಒಮ್ಮೆ ಅದನ್ನೇ ಪೊಟ್ಟಣ ಕಟ್ಟಿಕೊಂಡು ಆಸ್ಪತ್ರೆಗೆ ಓಡಿ ನಗೆಪಾಟಲಾಗಿದ್ದೆ. ರಕ್ತ ಕಂಡರೆ ಮಾತ್ರ ತಡ ಮಾಡಬಾರದು. ಒಮ್ಮೆಲೇ ನಾಲ್ಕೈದು ಸತ್ತರಂತೂ ಕೊಯ್ದು ನೋಡಲು ಹೋಗಬೇಡಿ, ಹಕ್ಕಿಜ್ವರವೂ ಇರಬಹುದು. ಪಶು ಆಸ್ಪತ್ರೆಗೆ ತಿಳಿಸಿ.

ಹೊಸ ಕೋಳಿಗೆ ದನದ ಕೊಟ್ಟಿಗೆ ಆಚೆ ಬೇರೆ ಗೂಡು, ಬೇರೆ ನೀರಿನ ಬಟ್ಟಲು, ನನಗೆ ಬೇರೆ ಚಪ್ಪಲಿ. ಮೊದಲು ಹಳೇವಕ್ಕೆ ಕಾಳು, ಆಮೇಲೆ ಹೊಸವಕ್ಕೆ. "ಕೋಳಿಗೂ ಬಾಣಂತನ ಮಾಡಾಕತ್ತೀಯಲ್ಲ ಯವ್ವಾ" ಅಂತ ಅತ್ತೆ ನಗುತ್ತಾರೆ.

ಮೂರು ವಾರ ಹೀಗೆ. ಕೆಲವು ಕೋಳಿ ತಾವು ಚೆನ್ನಾಗಿದ್ದೇ ರೋಗ ಹೊತ್ತು ತಿರುಗುತ್ತವೆ. ಹಾಗಾಗಿ ಆಮೇಲೆ ಇನ್ನೊಂದು ವಾರ ಹಳೇ ಕೋಳಿಯೊಂದನ್ನು ಅವುಗಳ ಜೊತೆ ಬಿಡುತ್ತೇನೆ. ಅದಕ್ಕೆ ಏನೂ ಆಗದಿದ್ದರೆ ಎಲ್ಲ ಒಟ್ಟಿಗೆ. ಕಳೆದ ಸಲ ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆಯನ್ನು ಬಿಟ್ಟಿದ್ದೆ. ಅದಕ್ಕೊಂದು ಸೀನೂ ಬರಲಿಲ್ಲ. ಹೊಸವನ್ನೇ ಕುಕ್ಕಿ ಕುಕ್ಕಿ ಮೂಲೆಗೆ ಹಾಕಿತ್ತು.